ಬಯೋಡೀಸೆಲ್ಲಿಗೆ ಲೋಹದ ‘ನ್ಯಾನೋ’ ಅಡಿಟಿವ್ ಹಾಕಬೇಕೋ ಬ್ಯಾಡೋ? ಜನರೇಟರ್, ಟ್ರ್ಯಾಕ್ಟರ್ ಇದ್ದವರು ಹೇಳ್ರಿ

ಕಪನೂರ ದಾಲ್‌ಮಿಲ್

ನಮಸ್ಕಾರ್ರಿ ಎಲ್ಲಾರಿಗೂ. ಕಲಬುರಗಿ ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ ನಮ್ದು ತೊಗರಿ ಬ್ಯಾಳಿ ಮಿಲ್ ಅದ. ಕರೆಂಟ್ ಹೋದಾಗ 125 ಕೆವಿಎ ಜನರೇಟರ್ ಮ್ಯಾಲ ನಡಸ್ತೀವಿ. ಹಳೇ ಮೆಕ್ಯಾನಿಕಲ್ ಪಂಪಿನ ಎಂಜಿನ್. ಹೋದ ಸುಗ್ಗಿಯಿಂದ ಡೀಸೆಲ್ಲಿಗೆ 20 ಪರ್ಸೆಂಟ್ ಬಯೋಡೀಸೆಲ್ ಕೂಡಸ್ಲಿಕತ್ತೀವಿ. ಅದು ಎರಡು ಕಡಿಂದ ಬರ್ತದ. ಒಂದು ಹೊಂಗಿ ಎಣ್ಣಿದು, ಇನ್ನೊಂದು ಖಾನಾವಳಿ, ಮಿರ್ಚಿ ಭಜಿ ಅಂಗಡಿಯಿಂದ ಕೂಡಿಸಿದ ಕರದ ಎಣ್ಣಿದು.

ಈಗ ಒಬ್ರು ಏಜೆಂಟರು ಸಣ್ಣ ಬಾಟಲಿ ಸ್ಯಾಂಪಲ್ ಕೊಟ್ಟು ಹೋಗ್ಯಾರ. ಕಂದು ಬಣ್ಣದ ದ್ರವ, ಮ್ಯಾಲ ‘ನ್ಯಾನೋ ಮೆಟಲ್ ಕ್ಯಾಟಲಿಸ್ಟ್’ ಅಂತ ಬರದದ. ಯಾವ ಲೋಹ ಅಂತ ಎಲ್ಲೂ ಬರದಿಲ್ಲ. ಹೊಗಿ ಪೂರಾ ಹೋಗ್ತದ, ಎಣ್ಣಿ 10ರಿಂದ 15 ಪರ್ಸೆಂಟ್ ಉಳೀತದ ಅಂತಾರ. ನಮ್ದು ಹೊಗಿ ಅದ ಖರೇ, ಲೋಡ್ ಎಳದಾಗ ಕರ್ರಗ ಬರ್ತದ. ಇದು ಹಾಕಿದ್ರ ಎಂಜಿನ್ನಿಗೆ ಏನಾಗ್ತದ, ಅದರ ಬಾಜೂಕ ದಿನಾ ನಿಂತು ಕೆಲಸ ಮಾಡೂ ನಮ್ಮ ಹುಡುಗೂರಿಗೆ ಏನಾಗ್ತದ, ಎರಡೂ ತಿಳೀಬೇಕ್ರಿ. ಬಳಸಿದವರು, ಓದಿದವರು ಯಾರರೆ ಇದ್ರ ಬರೀರಿ.

ಭಾಲ್ಕಿ ಪಂಪ್ ನೋಝಲ್

ಸೇಠ್ರ, ಬಾಟಲಿ ಬಾಜೂಕ ಇಡ್ರಿ. ಮದಲ ಏರ್ ಕ್ಲೀನರ್ ಬಿಚ್ಚಿ ನೋಡ್ರಿ. ಬ್ಯಾಳಿ ಮಿಲ್ಲಿನ ಜನರೇಟರ್ ನಾ ಭಾಳ ನೋಡೀನಿ. ಸಿಪ್ಪಿ ಧೂಳ ಫಿಲ್ಟರ್ ಕಾಗದದ ಮಡಿಕ್ಯಾಗ ಹೋಗಿ ಕುಂತ್ರ ಝಾಡಿಸಿದ್ರೂ ಬರಂಗಿಲ್ಲ. ಗಾಳಿ ಸಿಗಲಿಲ್ಲ ಅಂದ್ರ ಯಾವ ಎಣ್ಣಿ ಹಾಕಿದ್ರೂ ಕರೀ ಹೊಗಿನೇ.

ಅದಾದ ಮ್ಯಾಲ ನೋಝಲ್, ಸಿಲಿಂಡರಿನಾಗ ಎಣ್ಣಿ ಸಿಡಿಸೂದು. ಈ ನಮೂನಿ ಹಳೇ ಎಂಜಿನ್ನಿಗೆ 200 ಬಾರ್ ಆಜೂಬಾಜು ಪ್ರೆಶರ್‌ಗೆ ನೋಝಲ್ ತೆರೀಬೇಕು. ಟೆಸ್ಟರ್ ಮ್ಯಾಲ ಹಾಕಿ ಕೈಲೆ ಹೊಡದ್ರ ‘ಕರ್ರ್’ ಅಂತ ಸಪ್ಪಳ ಮಾಡಿ ಸಣ್ಣಗ ಸಿಡದು ಹಾರಬೇಕು, ತುದೀಗಿ ಹನಿ ನಿಂದರಬಾರದು. ಹನಿ ನಿಂತ ನೋಝಲ್ ಹೊಗಿ ಬಿಟ್ಟೇ ಬಿಡ್ತದ. ಬಯೋಡೀಸೆಲ್ ಡೀಸೆಲ್ಕಿಂತ ಒಂದೀಟು ದಪ್ಪ, ಹಂಗಾಗಿ ನೋಝಲ್ ಕೆಟ್ಟಿದ್ರ ಇದ್ರಾಗ ಜಲ್ದಿ ಗೊತ್ತಾಗ್ತದ.

ಇನ್ನೊಂದು, ಬಯೋಡೀಸೆಲ್ ಶುರು ಮಾಡಿದ ಮದಲ ತಿಂಗಳದಾಗ ಹಳೇ ಟ್ಯಾಂಕಿನ ತಳದ ಹೊಲಸೆಲ್ಲ ಕಿತ್ತು ಡೀಸೆಲ್ ಫಿಲ್ಟರಿಗೆ ಬರ್ತದ. ಫಿಲ್ಟರ್ ಬದಲಿ ಮಾಡೀರೋ ಇಲ್ಲೋ ಹೇಳ್ರಿ.

ಲ್ಯಾಬ್ ಮಾಸ್ತರ

ಭಾಲ್ಕಿಯವರು ಹೇಳಿದ ಕೆಲಸ ಮೊದಲು ಆಗಲಿ. ನಾನು ಕಲಬುರಗಿಯಲ್ಲೇ ಎಂಜಿನ್ ಪಾಠ ಮಾಡುವವನು. ಈ ವಿಷಯದಲ್ಲಿ ಮಾರುವವರ ಮಾತೇ ಜಾಸ್ತಿ ಕೇಳಿಬರುತ್ತಿದೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಲೋಹ ಸೇರಿಸುವುದರ ಹಿಂದೆ ನಿಜವಾದ ರಸಾಯನಶಾಸ್ತ್ರವಿದೆ. ಹೆಚ್ಚು ಅಧ್ಯಯನ ಆಗಿರುವುದು ಸೀರಿಯಂ ಎಂಬ ಲೋಹದ ಆಕ್ಸೈಡ್ ಮೇಲೆ. ಸೀರಿಯಂ ಪರಮಾಣು ನಾಲ್ಕು ಮತ್ತು ಮೂರು ಎಂಬ ಎರಡು ಆಕ್ಸಿಡೇಶನ್ ಸ್ಥಿತಿಗಳ ನಡುವೆ ಸಲೀಸಾಗಿ ಓಡಾಡುತ್ತದೆ. ಆಕ್ಸಿಜನ್ ಕಡಿಮೆ ಇದ್ದು ಮಸಿ ಹುಟ್ಟುವ ಕಡೆ ತನ್ನಲ್ಲಿರುವ ಆಕ್ಸಿಜನ್ ಅನ್ನು ಇಂಗಾಲಕ್ಕೆ ಕೈಗಡ ಕೊಡುತ್ತದೆ, ಇಂಗಾಲ ಉರಿದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಆಮೇಲೆ ಸುತ್ತಲಿನ ಗಾಳಿಯಿಂದಲೋ ನೈಟ್ರಿಕ್ ಆಕ್ಸೈಡಿನಿಂದಲೋ ಆ ಆಕ್ಸಿಜನ್ ಅನ್ನು ವಾಪಸು ತುಂಬಿಕೊಳ್ಳುತ್ತದೆ. ನೈಟ್ರಿಕ್ ಆಕ್ಸೈಡಿನಿಂದ ತೆಗೆದುಕೊಂಡರೆ ಉಳಿಯುವುದು ಬರೀ ನೈಟ್ರೋಜನ್. ಒಂದೇ ಪದಾರ್ಥ ಮಸಿಯನ್ನೂ ನಾಕ್ಸನ್ನೂ (ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್‌ಗಳನ್ನು) ಒಟ್ಟಿಗೆ ಇಳಿಸಬಲ್ಲದು ಎಂಬ ಆಸೆ ಹುಟ್ಟಿದ್ದು ಇಲ್ಲಿಂದ.

ಬಯೋಡೀಸೆಲ್ಲಿಗೆ ಈ ಆಸೆ ಯಾಕೆ ಮುಖ್ಯ ಅಂದರೆ, ಅದರ ಅಣುವಿನೊಳಗೇ ತೂಕದ ಸುಮಾರು 10–11 ಪರ್ಸೆಂಟ್ ಆಕ್ಸಿಜನ್ ಇದೆ. ಹಾಗಾಗಿ ಮಸಿ ತಾನಾಗಿಯೇ ಕಡಿಮೆ, ಆದರೆ ನಾಕ್ಸ್ ಸ್ವಲ್ಪ ಏರುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2002ರಲ್ಲಿ ಹತ್ತಾರು ಪರೀಕ್ಷೆಗಳನ್ನು ಒಟ್ಟು ಮಾಡಿ ಲೆಕ್ಕ ಹಾಕಿತ್ತು. 20 ಪರ್ಸೆಂಟ್ ಮಿಶ್ರಣದಲ್ಲಿ ಕಣಗಳು ಸರಾಸರಿ 10 ಪರ್ಸೆಂಟ್ ಇಳಿದವು, ನಾಕ್ಸ್ 2 ಪರ್ಸೆಂಟ್ ಏರಿತು. ಶುದ್ಧ ಬಯೋಡೀಸೆಲ್ಲಿನಲ್ಲಿ ನಾಕ್ಸ್ ಏರಿಕೆ 10 ಪರ್ಸೆಂಟಿನ ಹತ್ತಿರ. ಆ ಏರಿಕೆಯನ್ನು ಲೋಹದಿಂದ ಕೆಳಗಿಳಿಸಬಹುದಾ ಎಂಬುದೇ ಸಂಶೋಧಕರ ಪ್ರಶ್ನೆ.

ಈಗ ಏಜೆಂಟರ 10–15 ಪರ್ಸೆಂಟ್ ಉಳಿತಾಯಕ್ಕೆ ಬರೋಣ. ಸರಿಯಾಗಿ ನಡೆಯುವ ಡೀಸೆಲ್ ಎಂಜಿನ್ನಿನಲ್ಲಿ ಹಾಕಿದ ಇಂಧನದ ಶಕ್ತಿಯ ಸುಮಾರು 98 ಪರ್ಸೆಂಟ್ ಉರಿದು ಬಿಡುಗಡೆ ಆಗಿಯೇ ಇರುತ್ತದೆ. ಉರಿಯದೆ ಹೊರಗೆ ಹೋಗುವುದು ಹೆಚ್ಚೆಂದರೆ 2 ಪರ್ಸೆಂಟ್. ಹೊಗೆ ಕಣ್ಣಿಗೆ ಭಾರಿ ಕಾಣುತ್ತದೆ, ತೂಕಕ್ಕೆ ಹಾಕಿದರೆ ಬಹಳ ಕಡಿಮೆ. ಅಂದಮೇಲೆ ‘ಪೂರ್ತಿ ಉರಿಸಿ’ 15 ಪರ್ಸೆಂಟ್ ಉಳಿಸುತ್ತೇವೆ ಎಂಬ ಮಾತಿಗೆ ಜಾಗವೇ ಇಲ್ಲ. ಉಳಿದ ನಷ್ಟವೆಲ್ಲ ಸೈಲೆನ್ಸರಿನ ಬಿಸಿಯಲ್ಲಿ, ರೇಡಿಯೇಟರಿನಲ್ಲಿ ಹೋಗುತ್ತದೆ. ಅದನ್ನು ಬಾಟಲಿಯ ದ್ರವ ತಡೆಯುವುದಿಲ್ಲ. ಹೊತ್ತಿಕೊಳ್ಳುವ ತಡವನ್ನು ಸ್ವಲ್ಪ ಕಡಿಮೆ ಮಾಡಿ, ಉರಿಯುವ ಸಮಯ ಸರಿಹೋಗಿ, ಒಂದೆರಡು ಪರ್ಸೆಂಟ್ ಸುಧಾರಿಸಬಹುದು ಎಂಬುದನ್ನು ನಾನು ಒಪ್ಪುತ್ತೇನೆ. ಅದಕ್ಕಿಂತ ದೊಡ್ಡ ಅಂಕಿ ಯಾರು ಹೇಳಿದರೂ ನಂಬುವ ಮೊದಲು ಅಳೆದು ನೋಡಬೇಕು.

ಯಾವ ಲೋಹ ಅಂತ ಬರೆಯದ ಬಾಟಲಿಯನ್ನಂತೂ ಟ್ಯಾಂಕಿಗೆ ಸುರಿಯಬೇಡಿ. ಕಬ್ಬಿಣದ ಫೆರೋಸಿನ್ ಬೇರೆ, ಮ್ಯಾಂಗನೀಸ್ ಬೇರೆ, ತಾಮ್ರ ಬೇರೆ, ಸೀರಿಯಂ ಬೇರೆ. ಅವುಗಳ ಲಾಭವೂ ಬೇರೆ, ಅಪಾಯವೂ ಬೇರೆ.

ಹುಮನಾಬಾದ್ ಲಾರಿ

ಮಾಸ್ತರ್ರ, ನೀವು ಹೇಳೂದು ಒಂದು ಬಾಜು ಆತು. ಇಂಗ್ಲೆಂಡಿನಾಗ ಬಸ್ ಕಂಪನಿಯವರು ಇದನ್ನ ಸಾವಿರ ಬಸ್ಸಿಗೆ ಹಾಕಿದ್ರು ಅಂತ ನಾ ಓದೀನಿ. ಫ್ರಾನ್ಸಿನ ಕಾರ್ ಕಂಪನಿ ತಾನೇ ಕಾರಿನಾಗ ಇದರ ಟ್ಯಾಂಕ್ ಕೂಡಿಸಿ ಕೊಟ್ಟದ. ಇಷ್ಟು ದೊಡ್ಡವರು ಸುಮ್ನ ಹಾಕ್ತಾರೇನ್ರಿ? ನಂದು ಬಿಎಸ್6 ಗಾಡಿ, ಸೋಲಾಪುರ ಹೈದರಾಬಾದ್ ಲೈನ್ ಮ್ಯಾಲ ಓಡ್ತದ. ಡಿಪಿಎಫ್, ಅಂದ್ರ ಹೊಗಿಯಾಗಿನ ಮಸಿ ಹಿಡಿಯೂ ಫಿಲ್ಟರ್, ಅದರ ಲೈಟ್ ಪದೇ ಪದೇ ಹತ್ತಲಿಕತ್ತದ. ಇದು ಹಾಕಿದ್ರ ಡಿಪಿಎಫ್ ಸ್ವಚ್ಛ ಆಗ್ತದ ಅಂತ ನನಗೂ ಒಬ್ರು ಹೇಳ್ಯಾರ.

ಲ್ಯಾಬ್ ಮಾಸ್ತರ

ಒಳ್ಳೇ ಪ್ರಶ್ನೆ ಕೇಳಿದ್ರಿ. ಎರಡೂ ನಿಜವಾಗಿ ನಡೆದದ್ದೇ, ಆದರೆ ಎರಡರ ಕಥೆ ಬೇರೆ ಬೇರೆ.

ಬ್ರಿಟನ್ನಿನ ಸ್ಟೇಜ್‌ಕೋಚ್ ಬಸ್ ಕಂಪನಿ 2000ರ ದಶಕದ ಮಧ್ಯದಲ್ಲಿ ಎನ್ವಿರಾಕ್ಸ್ ಎಂಬ ಸೀರಿಯಂ ಆಕ್ಸೈಡ್ ಅಡಿಟಿವ್ ಬಳಸಿದ್ದು ಹೌದು. ಅದರ ಪ್ರಮಾಣ 10 ಪಿಪಿಎಂಗಿಂತ (ತೂಕದಲ್ಲಿ ಹತ್ತು ಲಕ್ಷಕ್ಕೆ 10 ಭಾಗಕ್ಕಿಂತ) ಕಡಿಮೆ. ನಮ್ಮ ಕಾಲೇಜು ಪ್ರಯೋಗಗಳಲ್ಲಿ ಹಾಕುವ 50, 100 ಪಿಪಿಎಂ ಅಲ್ಲ. ಅಲ್ಲಿ ಹೇಳಿದ ಉಳಿತಾಯ ಕೂಡ ಕೆಲವೇ ಪರ್ಸೆಂಟಿನದು.

ನೀವು ಹೇಳಿದ ಫ್ರಾನ್ಸಿನ ಕಾರ್ ಕಂಪನಿ ಪ್ಯೂಜೋ, ಅದರ ಕಥೆ ಇನ್ನೂ ಮುಖ್ಯ. 2000ದಲ್ಲಿ ಪ್ಯೂಜೋ 607 ಕಾರಿನಲ್ಲಿ ಅವರು ಮಸಿ ಹಿಡಿಯುವ ಫಿಲ್ಟರ್ ಹಾಕಿದರು. ಆ ಫಿಲ್ಟರಿನಲ್ಲಿ ಕೂತ ಮಸಿ ತಾನಾಗಿ ಸುಡಬೇಕಾದರೆ 550 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಿಸಿ ಬೇಕು. ಊರೊಳಗೆ ಓಡಾಡುವ ಕಾರಿನ ಹೊಗೆ ಅಷ್ಟು ಬಿಸಿ ಇರುವುದಿಲ್ಲ. ಅದಕ್ಕೆ ಬೇರೆ ಪುಟ್ಟ ಟ್ಯಾಂಕಿನಿಂದ ಸೀರಿಯಂ ದ್ರಾವಣವನ್ನು ಡೀಸೆಲ್ಲಿಗೆ ಅಳತೆ ಹಾಕಿ ಬಿಟ್ಟರು. ಸೀರಿಯಂ ಮಸಿಯ ಜೊತೆ ಬೆರೆತು ಅದು ಸುಡುವ ತಾಪವನ್ನು 450 ಡಿಗ್ರಿ ಹತ್ತಿರಕ್ಕೆ ಇಳಿಸಿತು. ಇದೆಲ್ಲ ಮಾಡಿದ್ದು ಫಿಲ್ಟರನ್ನು ಸ್ವಚ್ಛ ಇಡುವುದಕ್ಕೆ. ಎಣ್ಣೆ ಉಳಿಸುವ ಉದ್ದೇಶ ಅದರಲ್ಲಿ ಇರಲಿಲ್ಲ. ಹೊರಬಂದ ಲೋಹವೆಲ್ಲ ಬಹುಪಾಲು ಅದೇ ಫಿಲ್ಟರಿನಲ್ಲಿ ಸಿಕ್ಕಿಬೀಳುತ್ತಿತ್ತು ಎಂಬುದನ್ನೂ ಗಮನಿಸಿ.

ನಿಮ್ಮ ಲಾರಿ ವಿಷಯಕ್ಕೆ ಬಂದರೆ, ಖಂಡಿತ ಹಾಕಬೇಡಿ ಅಣ್ಣಾ. ಮಸಿ ಸುಡುತ್ತದೆ, ಲೋಹ ಸುಡುವುದಿಲ್ಲ. ಹಾಕಿದ ಪ್ರತಿ ಗ್ರಾಂ ಲೋಹ ಬೂದಿಯಾಗಿ ಡಿಪಿಎಫ್ ಜೇನುಗೂಡಿನ ಕೊನೆಯಲ್ಲಿ ಹೋಗಿ ಕೂರುತ್ತದೆ, ರೀಜನರೇಶನ್ (ಫಿಲ್ಟರಿನ ಮಸಿ ಸುಡಿಸುವುದು) ಎಷ್ಟು ಮಾಡಿದರೂ ಹೋಗುವುದಿಲ್ಲ, ಬಿಚ್ಚಿ ಸ್ವಚ್ಛ ಮಾಡಿಸಬೇಕು. ಪ್ಯೂಜೋ ಆ ಬೂದಿಯ ಲೆಕ್ಕ ಇಟ್ಟುಕೊಂಡೇ ಫಿಲ್ಟರಿನ ಗಾತ್ರ ಮಾಡಿತ್ತು. ನಿಮ್ಮ ಗಾಡಿಯ ಫಿಲ್ಟರ್ ಆ ಲೆಕ್ಕದಲ್ಲಿ ಮಾಡಿದ್ದಲ್ಲ. ಲೋಕದ ದೊಡ್ಡ ವಾಹನ ತಯಾರಕರೆಲ್ಲ ಸೇರಿ ಹೊರಡಿಸುವ ಇಂಧನ ಸನ್ನದಿನಲ್ಲೂ ಬೂದಿ ಬಿಡುವ ಲೋಹ ಸೇರಿಸಬಾರದು ಎಂದೇ ಇದೆ. ಲೈಟ್ ಪದೇ ಪದೇ ಹತ್ತುತ್ತಿದ್ದರೆ ಸ್ಕ್ಯಾನರ್ ಹಚ್ಚಿಸಿ, ಡಿಫರೆನ್ಶಿಯಲ್ ಪ್ರೆಶರ್ ಸೆನ್ಸರ್, ಟರ್ಬೊ, ಇಂಜೆಕ್ಟರ್ ನೋಡಿಸಿ.

ಥರ್ಮಲ್ ಬೆಂಚ್

ಸರ್, ನಾನು ಎಂಟೆಕ್ ಪ್ರಾಜೆಕ್ಟಿಗೆ ಹೊಂಗೆ ಬಯೋಡೀಸೆಲ್ ಜೊತೆ ಸೀರಿಯಂ ಆಕ್ಸೈಡ್ ಮತ್ತು ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಎರಡನ್ನೂ ಹಾಕಿ ನೋಡಿದವಳು. ಒಂದು ಸಿಲಿಂಡರಿನ, 1500 ಆರ್‌ಪಿಎಂ, ನೀರಿನಿಂದ ತಣಿಯುವ ಕಾಲೇಜ್ ಎಂಜಿನ್. ಕೈಯಾರೆ ಮಾಡಿದ್ದರಿಂದ ಒಂದು ವಿಷಯ ಹೇಳಲೇಬೇಕು.

ಪ್ರಮಾಣ ಎಷ್ಟು ಸಣ್ಣದು ಅಂತ ಮೊದಲು ನೋಡಿ. ಬಯೋಡೀಸೆಲ್ ಲೀಟರಿಗೆ ಸುಮಾರು 880 ಗ್ರಾಂ ತೂಗುತ್ತದೆ. 50 ಪಿಪಿಎಂ ಅಂದರೆ ಲೀಟರಿಗೆ 44 ಮಿಲಿಗ್ರಾಂ. 200 ಲೀಟರಿನ ಡ್ರಮ್ಮಿಗೆ 9 ಗ್ರಾಂ ಕೂಡ ಇಲ್ಲ. ಇದನ್ನು ಕಿರಾಣಿ ತಕ್ಕಡಿಯಲ್ಲಿ ತೂಗಲಾಗದು, ಕೋಲಿನಿಂದ ಕಲಸಲೂ ಆಗದು. ನಾವು ಮೊದಲು ಕಣಗಳು ಒಂದಕ್ಕೊಂದು ಅಂಟದಂತೆ ಸರ್ಫ್ಯಾಕ್ಟಂಟ್ ಹಾಕಿ, ಅಲ್ಟ್ರಾಸಾನಿಕ್ ಯಂತ್ರದಲ್ಲಿ ಅರ್ಧ ಗಂಟೆಗೂ ಮೀರಿ ಬೆರೆಸುತ್ತಿದ್ದೆವು. ಆಗ ಹಾಲಿನ ಛಾಯೆಯ ಒಂದೇ ಸಮನಾದ ಎಣ್ಣೆ ಸಿಗುತ್ತದೆ. ಅದನ್ನೇ ಗಾಜಿನ ಟ್ಯೂಬಿನಲ್ಲಿ ಕಿಟಕಿ ಹತ್ತಿರ ಇಟ್ಟು ಬಿಟ್ಟರೆ ಕೆಲವು ದಿನಕ್ಕೆ ಮೇಲಿನ ಎಣ್ಣೆ ತಿಳಿಯಾಗಿ, ತಳದಲ್ಲಿ ಬಿಳಿ ಪುಡಿ ಪದರ ಕಾಣುತ್ತದೆ. ಅಲ್ಯೂಮಿನಾ ಇನ್ನೂ ಬೇಗ ಕೂರುತ್ತಿತ್ತು.

ತಿಂಗಳುಗಟ್ಟಲೆ ನಿಂತಿರುವ ಜನರೇಟರ್ ಟ್ಯಾಂಕಿನಲ್ಲಿ ಇದೇ ಆಗುತ್ತದೆ. ಕರೆಂಟ್ ಹೋಗದ ವಾರಗಳಲ್ಲಿ ಎಲ್ಲ ತಳ ಸೇರಿ, ಶುರು ಮಾಡಿದ ಕೂಡಲೇ ದಪ್ಪ ಡೋಸ್ ಪಂಪಿಗೆ ಬರುತ್ತದೆ. 30 ನ್ಯಾನೋಮೀಟರಿನ ಕಣ ಒಂಟಿಯಾಗಿದ್ದರೆ ಯಾವ ಫಿಲ್ಟರಿನಲ್ಲೂ ನಿಲ್ಲುವುದಿಲ್ಲ, ಗುಂಪಾಗಿ ಅಂಟಿಕೊಂಡರೆ ಮೈಕ್ರಾನ್ ಗಾತ್ರ ಆಗುತ್ತದೆ. ಪಂಪಿನಲ್ಲಿ ಎಣ್ಣೆ ಒತ್ತುವ ಪ್ಲಂಜರ್ ಮತ್ತು ಅದು ಓಡಾಡುವ ಬ್ಯಾರೆಲ್ ನಡುವಿನ ಸಂದು ಇರುವುದೇ ಕೆಲವು ಮೈಕ್ರಾನ್. ಅಲ್ಯೂಮಿನಾದ ಗಡಸುತನ ಮೋಸ್ ಅಳತೆಯಲ್ಲಿ 9, ಉಕ್ಕಿಗಿಂತ ಗಟ್ಟಿ. ಕಾಲೇಜಿನಲ್ಲಿ ನಾವು ಎಂಜಿನ್ ನಡೆಸುವುದು ರೀಡಿಂಗ್ ತೆಗೆಯುವಷ್ಟು ಹೊತ್ತು. ಸಾವಿರಾರು ಗಂಟೆ ನಡೆದ ಮೇಲೆ ಪ್ಲಂಜರ್ ಹೇಗಿರುತ್ತದೆ ಅಂತ ಆ ರೀಡಿಂಗ್ ಹೇಳುವುದಿಲ್ಲ.

ಫಲಿತಾಂಶ ಕೇಳಿದರೆ, ಸೀರಿಯಂ ಹಾಕಿದಾಗ ಮಸಿ, ಕಾರ್ಬನ್ ಮೊನಾಕ್ಸೈಡ್ ಇಳಿದದ್ದು ಸ್ಪಷ್ಟವಾಗಿ ಕಂಡಿತು. ಇಂಧನ ಉಳಿತಾಯ ಇತ್ತು, ಸಣ್ಣದು. ನಾಕ್ಸ್ ಮಾತ್ರ ಲೋಡ್ ಬದಲಾದಂತೆ ಆಟ ಆಡಿತು. ಪ್ರಕಟವಾದ ಲೇಖನಗಳಲ್ಲೂ ಹೀಗೇ ಇದೆ, ಒಂದು ಎಂಜಿನ್ನಿನಲ್ಲಿ ಇಳಿದದ್ದು ಇನ್ನೊಂದರಲ್ಲಿ ಏರಿದೆ, ಅದರಲ್ಲೂ ಅಲ್ಯೂಮಿನಾ ವಿಷಯದಲ್ಲಿ.

ಭಾಲ್ಕಿ ಪಂಪ್ ನೋಝಲ್

ತಂಗಿ ಹೇಳಿದ್ದು ಬರೋಬ್ಬರಿ ಅದ. ಪ್ಲಂಜರ್ ಮ್ಯಾಲ ಉದ್ದಕ ಗೀರು ಬಿದ್ರ ಮುಗೀತು, ಎಲಿಮೆಂಟ್ ಸೆಟ್ಟೇ ಬದಲಿ ಮಾಡಬೇಕು. ಅದರ ಖರ್ಚಿನಾಗ ಎಷ್ಟೋ ಬ್ಯಾರಲ್ ಎಣ್ಣಿ ಬರ್ತದ.

ನಾ ಒಂದು ಕೇಳ್ತೀನಿ ಮಾಸ್ತರ್ರ. ಔರಾದ ಕಡೆ ಒಂದು ಟ್ರ್ಯಾಕ್ಟರ್ ಬಂದಿತ್ತು, ಬಯೋಡೀಸೆಲ್ ಜಾಸ್ತಿ ಹಾಕಿ ನಡಸೋರು. ಲೀಕ್ ಆಗಿತ್ತಂತ ಡೀಸೆಲ್ ಲೈನಿಗೆ ತಾಮ್ರದ ಪೈಪ್ ಕೂಡಿಸಿದ್ರು, ನಳ ಹಿತ್ತಾಳಿದು. ಬಿಚ್ಚಿದ್ರ ಪೈಪಿನ ಒಳಗ ಹಸರ ಅಂಟು, ಫಿಲ್ಟರಿನಾಗ ವಾರ್ನಿಶ್ ನಮೂನಿ ಜಿಗಟು. ಎಣ್ಣಿ ಕೆಟ್ಟದ್ದೋ, ಪೈಪ್ ಕೆಟ್ಟದ್ದೋ?

ಲ್ಯಾಬ್ ಮಾಸ್ತರ

ಈ ಇಡೀ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ ಇದೇ. ಪೈಪ್ ಎಣ್ಣೆಯನ್ನು ಕೆಡಿಸಿತು, ಎಣ್ಣೆ ಪೈಪನ್ನು ಕೆಡಿಸಿತು.

ಸಿಲಿಂಡರಿನೊಳಗೆ ಆಕ್ಸಿಡೇಶನ್ ಬೇಗ ಮಾಡಿಸುವ ಲೋಹ ಟ್ಯಾಂಕಿನೊಳಗೂ ಅದೇ ಕೆಲಸ ಮಾಡಬಲ್ಲದು. ಸಿಲಿಂಡರಿನಲ್ಲಿ ಅದು ನಮಗೆ ಬೇಕು, ಟ್ಯಾಂಕಿನಲ್ಲಿ ಬೇಡ. ಹೊಂಗೆ ಎಣ್ಣೆಯಲ್ಲಿ ಓಲಿಯಿಕ್, ಲಿನೋಲಿಯಿಕ್ ಅಂತ ಜೋಡಿ ಬಂಧವಿರುವ ಕೊಬ್ಬಿನಾಮ್ಲಗಳು ಜಾಸ್ತಿ. ಅವು ಗಾಳಿಯ ಆಕ್ಸಿಜನ್ ಹಿಡಿದು ಪೆರಾಕ್ಸೈಡ್ ಆಗಿ, ಆಮ್ಲವಾಗಿ, ಕೊನೆಗೆ ಅಂಟಾಗುತ್ತವೆ. ಸ್ವಲ್ಪವೇ ತಾಮ್ರ ಕರಗಿದ್ದರೂ ಈ ಸರಣಿ ವಿಪರೀತ ವೇಗ ಪಡೆಯುತ್ತದೆ. ತಾಮ್ರ ಎಲ್ಲಕ್ಕಿಂತ ಕೆಟ್ಟದ್ದು. ಕಬ್ಬಿಣ, ಮ್ಯಾಂಗನೀಸ್ ಕೂಡ ಕಡಿಮೆಯವಲ್ಲ. ಹುಟ್ಟಿದ ಆಮ್ಲ ಮತ್ತೆ ಪೈಪಿನ ತಾಮ್ರವನ್ನು ಕರಗಿಸುತ್ತದೆ. ಆ ಹಸಿರು ಅಂಟು ತಾಮ್ರದ ಸಾಬೂನು. ನಮ್ಮ ಬೇಸಿಗೆಯಲ್ಲಿ ತಗಡಿನ ಶೆಡ್ಡಿನ ಕೆಳಗಿನ ಡ್ರಮ್ ಎಷ್ಟು ಬಿಸಿ ಆಗುತ್ತದೆ ಅಂತ ಕಲಬುರಗಿಯವರಿಗೆ ನಾನು ಹೇಳಬೇಕಾಗಿಲ್ಲ. ಬಿಸಿ ಏರಿದಷ್ಟೂ ಈ ಕೆಲಸ ಬೇಗ.

ಅದಕ್ಕೇ ಭಾರತೀಯ ಮಾನಕ ಐಎಸ್ 15607 ಬಯೋಡೀಸೆಲ್ಲಿನ ಲೋಹವನ್ನು ಕಲ್ಮಶ ಅಂತಲೇ ಲೆಕ್ಕ ಹಾಕುತ್ತದೆ. ಸೋಡಿಯಂ ಪೊಟ್ಯಾಸಿಯಂ ಸೇರಿ ಕಿಲೋಗೆ 5 ಮಿಲಿಗ್ರಾಂ ಮೀರುವಂತಿಲ್ಲ. ಕ್ಯಾಲ್ಸಿಯಂ ಮೆಗ್ನೀಸಿಯಂ ಸೇರಿ ಮತ್ತೆ 5. ಸಲ್ಫೇಟೆಡ್ ಬೂದಿ 0.02 ಪರ್ಸೆಂಟಿನೊಳಗೆ ಇರಬೇಕು. ಮಾಮೂಲಿ ಡೀಸೆಲ್ಲಿಗೆ ಬೂದಿ ಮಿತಿ 0.01 ಪರ್ಸೆಂಟ್. 50 ಪಿಪಿಎಂ ಸೀರಿಯಂ ಆಕ್ಸೈಡ್ ಅಂದರೆ 0.005 ಪರ್ಸೆಂಟ್, ಅಂದರೆ ಡೀಸೆಲ್ಲಿಗೆ ಅನುಮತಿ ಇರುವ ಬೂದಿಯಲ್ಲಿ ಅರ್ಧವನ್ನು ನಾವೇ ಕೈಯಾರೆ ಹಾಕಿದ ಹಾಗಾಯಿತು.

ಸೇಠರೇ, ನಿಮ್ಮ ಬಯೋಡೀಸೆಲ್ಲಿನಲ್ಲಿ ಈಗಾಗಲೇ ಲೋಹ ಇರಬಹುದು, ನಿಮಗೆ ಗೊತ್ತಿಲ್ಲದೆ. ಕಾಸ್ಟಿಕ್ ಸೋಡಾ ಹಾಕಿ ಮೆಥನಾಲ್ ಜೊತೆ ಕಾಯಿಸಿ ಗ್ಲಿಸರಿನ್ ಬೇರೆ ಮಾಡಿದ ಮೇಲೆ ನೀರಿನಿಂದ ಸರಿಯಾಗಿ ತೊಳೆಯದಿದ್ದರೆ ಸಾಬೂನು ಉಳಿಯುತ್ತದೆ. ಸಾಬೂನು ಅಂದರೆ ಸೋಡಿಯಂ. ಅದು ನೋಝಲ್ ತುದಿಯಲ್ಲಿ ಬೂದಿಯಾಗಿ ಕೂರುತ್ತದೆ. ಬಾಟಲಿಗೆ ಹಣ ಹಾಕುವ ಮೊದಲು ಇದನ್ನು ನೋಡಿಸಿ.

ಶಹಾಪುರ ರೈತ

ಮಾಸ್ತರ್ರ, ಯಾದಗಿರಿ ಜಿಲ್ಲಾದಾಗ ನಮ್ದು ಕಾಲುವಿ ಬಾಜು ಹೊಲ. ಭತ್ತಕ್ಕ ನೀರೆತ್ತಲಿಕ್ಕ 8 ಎಚ್‌ಪಿ ಡೀಸೆಲ್ ಪಂಪ್‌ಸೆಟ್ ಅದ. ಬದುವಿನ ಮ್ಯಾಲ ಹೊಂಗಿ ಗಿಡ ಭಾಳ ಅವ. ಗಾಣದಾಗ ಹಾಕಿಸಿ ಎಣ್ಣಿ ಸೀದಾ ಹಾಕಿದ್ರ ನಡೀತದಲ್ರಿ? ಕೋಲಾರ ಕಡೆ ಹಂಗ ನಡಸ್ಯಾರಂತ. ಅದಕ್ಕ ಈ ಲೋಹದ ಔಷಧ ಕೂಡಿಸಿದ್ರ ಕಾರ್ಬನ್ ಕಟ್ಟೂದು ಕಮ್ಮಿ ಆಗ್ತದೇನು? ಲ್ಯಾಬಿಗೆ ಓಡಾಡಲಿಕ್ಕ ನಮಗ ಆಗಂಗಿಲ್ರಿ, ಮನ್ಯಾಗ ಮಾಡೂ ಪರೀಕ್ಷಾ ಇದ್ರ ಅದೂ ಹೇಳ್ರಿ.

ಲ್ಯಾಬ್ ಮಾಸ್ತರ

ಕಾಕಾ, ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ನಡೆದದ್ದು ಹೌದು. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಸೂತ್ರ ಯೋಜನೆಯಲ್ಲಿ ಹೊಂಗೆ ಎಣ್ಣೆಯಿಂದಲೇ ಜನರೇಟರ್ ನಡೆಸಿ, ಕೊಳವೆಬಾವಿ ನೀರೆತ್ತಿ ಊರಿಗೆ ಕೊಟ್ಟಿದ್ದರು. ನಮ್ಮ ನಾಡಿನ ಒಣಭೂಮಿಗೆ ಅದು ದೊಡ್ಡ ದಾರಿ ತೋರಿಸಿದ ಕೆಲಸ. ಆದರೆ ಅದರ ಹಿಂದೆ ಎಂಜಿನ್ ಬಲ್ಲವರ ಕಣ್ಣು ಸದಾ ಇತ್ತು. ಹಸಿ ಹೊಂಗೆ ಎಣ್ಣೆ ಡೀಸೆಲ್ಲಿಗಿಂತ ಹತ್ತು ಪಟ್ಟು ಆಸುಪಾಸು ದಪ್ಪ. ನೋಝಲ್‌ನಿಂದ ಸಣ್ಣ ಹನಿ ಆಗುವುದಿಲ್ಲ. ಬಯೋಡೀಸೆಲ್ ಮಾಡಿದರೆ ದಪ್ಪ 40 ಡಿಗ್ರಿಯಲ್ಲಿ 3.5ರಿಂದ 5 ಸೆಂಟಿಸ್ಟೋಕ್ಸಿಗೆ (ದ್ರವ ಎಷ್ಟು ದಪ್ಪ ಅಂತ ಹೇಳುವ ಅಳತೆ) ಇಳಿಯುತ್ತದೆ. ದಪ್ಪ ಎಣ್ಣೆಯ ದೊಡ್ಡ ಹನಿಯನ್ನು ಯಾವ ಲೋಹವೂ ಸಣ್ಣದು ಮಾಡುವುದಿಲ್ಲ. ಹಸಿ ಎಣ್ಣೆಗೆ ಅಡಿಟಿವ್ ಹಾಕುವ ವಿಚಾರ ಬಿಟ್ಟುಬಿಡಿ.

ಬಯೋಡೀಸೆಲ್ ಮಾಡಿಸುವುದಾದರೆ ಒಂದು ನೆನಪಿರಲಿ. ಮಳೆಗೆ ನೆನೆದ, ಬೂಷ್ಟು ಹಿಡಿದ ಹೊಂಗೆ ಬೀಜದ ಎಣ್ಣೆಯಲ್ಲಿ ಬಿಡಿ ಕೊಬ್ಬಿನಾಮ್ಲ ಜಾಸ್ತಿ. 2 ಪರ್ಸೆಂಟ್ ದಾಟಿದ್ದರೆ ಮೊದಲು ಸಲ್ಫ್ಯೂರಿಕ್ ಆಮ್ಲದ ಜೊತೆ ಒಂದು ಹಂತ, ಆಮೇಲೆ ಕಾಸ್ಟಿಕ್ ಹಂತ. ಸೀದಾ ಕಾಸ್ಟಿಕ್ ಹಾಕಿದರೆ ಎಲ್ಲ ಸಾಬೂನು ಆಗಿ ಗಟ್ಟಿ ಕೂರುತ್ತದೆ. ಬೀಜ ಆರಿಸಿ ಒಣಗಿಸಿ ಇಡುವುದೇ ಅರ್ಧ ಕೆಲಸ.

ಪರೀಕ್ಷೆ ಎರಡು ಹೇಳುತ್ತೇನೆ. ಗಾಜಿನ ಬಾಟಲಿಯಲ್ಲಿ ಅರ್ಧ ಬಯೋಡೀಸೆಲ್, ಅರ್ಧ ಶುದ್ಧ ನೀರು ಹಾಕಿ ಜೋರಾಗಿ ಕುಲುಕಿ ಇಡಿ. ಅರ್ಧ ಗಂಟೆಯೊಳಗೆ ಎಣ್ಣೆ ಮೇಲೆ, ತಿಳಿ ನೀರು ಕೆಳಗೆ ಬೇರೆ ಆಗಬೇಕು. ನಡುವೆ ಬಿಳಿ ನೊರೆ ಪದರ ಉಳಿದರೆ ಸಾಬೂನು ಇದೆ, ಮತ್ತೆ ತೊಳೆಯಬೇಕು. ಇನ್ನೊಂದು, 3 ಮಿಲಿ ಬಯೋಡೀಸೆಲ್ಲನ್ನು 27 ಮಿಲಿ ಮೆಥನಾಲಿಗೆ ಹಾಕಿ ಕುಲುಕಿ ಇಡುವುದು. ಬಯೋಡೀಸೆಲ್ ಪೂರಾ ಕರಗುತ್ತದೆ, ಬದಲಾಗದೆ ಉಳಿದ ಎಣ್ಣೆ ತಳಕ್ಕೆ ಬೀಳುತ್ತದೆ. ಮೆಥನಾಲ್ ವಿಷ, ಕಣ್ಣು ಕಳೆಯುವ ವಿಷ, ಅದರ ಉರಿ ಹಗಲಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಈ ಎರಡನೇ ಪರೀಕ್ಷೆಯನ್ನು ಮಾಡಿಕೊಟ್ಟವರ ಹತ್ತಿರವೇ, ಅವರ ಕೈಯಿಂದಲೇ ಮಾಡಿಸಿ ನೋಡಿ. ಮನೆಗೆ ಮೆಥನಾಲ್ ತರಬೇಡಿ.

ಕಪನೂರ ದಾಲ್‌ಮಿಲ್

ಎಲ್ಲಾರದೂ ಓದಿದೆ. ಏರ್ ಕ್ಲೀನರ್ ಬಿಚ್ಚಿಸಿದೆ, ಒಳಗ ಸಿಪ್ಪಿ ಪುಡಿ ಗಟ್ಟಿ ಕುಂತಿತ್ತು. ಹೊಸದು ಹಾಕಿದ ಮ್ಯಾಲ ಹೊಗಿ ಕಣ್ಣಿಗೆ ಕಾಣೂವಷ್ಟು ಕಮ್ಮಿ ಆಗ್ಯದ. ನೋಝಲ್ ಬಿಚ್ಚಿ ಟೆಸ್ಟಿಂಗಿಗೆ ಕಳಸೀನಿ. ಕುಲುಕೂ ಪರೀಕ್ಷಾ ಮಾಡಿದ್ವಿ, ಹೊಂಗಿದು ಛಲೋ ಬೇರೆ ಆತು, ಕರದ ಎಣ್ಣಿದರಾಗ ನೊರಿ ನಿಂತದ. ಅವರಿಗೆ ಮತ್ತೊಮ್ಮೆ ತೊಳದು ಕೊಡ್ರಿ ಅಂತ ಹೇಳೀನಿ.

ಮಾಸ್ತರ್ರ, ನನಗ ಲೆಕ್ಕ ಬೇಕು. ಅಡಿಟಿವ್ ಇರಲಿ, ಇಲ್ಲದಿರಲಿ, ಎಣ್ಣಿ ಎಷ್ಟು ಉಳೀತು ಅಂತ ನಂಬೂ ಹಂಗ ಅಳಿಯೂದು ಹ್ಯಾಂಗ?

ಲ್ಯಾಬ್ ಮಾಸ್ತರ

ಲೀಟರಿನಲ್ಲಿ ಅಳೆಯಬೇಡಿ, ಕಿಲೋದಲ್ಲಿ ಅಳೆಯಿರಿ. ನಿಮ್ಮ ಮಿಲ್ಲಿನಲ್ಲಿ ಕಾಟಾ ಇದ್ದೇ ಇದೆ. ಡೀಸೆಲ್ ಒಂದು ಡಿಗ್ರಿ ಬಿಸಿಗೆ ಸುಮಾರು 0.08 ಪರ್ಸೆಂಟ್ ಹಿಗ್ಗುತ್ತದೆ. ಬೆಳಗ್ಗೆ 25 ಡಿಗ್ರಿ, ಮಧ್ಯಾಹ್ನ 43 ಡಿಗ್ರಿ ಅಂದರೆ ಬರೀ ಬಿಸಿಲಿನಿಂದಲೇ ಒಂದೂವರೆ ಪರ್ಸೆಂಟ್ ವ್ಯತ್ಯಾಸ. ಅಡಿಟಿವ್ ಮಾಡಬಹುದಾದ ಸುಧಾರಣೆಯೂ ಅಷ್ಟೇ ಇದ್ದಾಗ ಲೀಟರ್ ಲೆಕ್ಕ ಯಾವ ಕಡೆಗಾದರೂ ವಾಲುತ್ತದೆ.

ಒಂದು ಕ್ಯಾನಿನಲ್ಲಿ ಎಣ್ಣೆ ತುಂಬಿ ಕಾಟಾ ಮೇಲೆ ಇಡಿ. ಎಂಜಿನ್ನಿಗೆ ಹೋಗುವ ಪೈಪ್ ಮತ್ತು ನೋಝಲ್‌ನಿಂದ ವಾಪಸು ಬರುವ ಪೈಪ್, ಎರಡೂ ಅದೇ ಕ್ಯಾನಿನಲ್ಲಿ ಇರಬೇಕು. ವಾಪಸ್ ಪೈಪ್ ದೊಡ್ಡ ಟ್ಯಾಂಕಿಗೆ ಬಿಟ್ಟರೆ ಲೆಕ್ಕವೆಲ್ಲ ಹಾಳು. ಎಂಜಿನ್ ಬಿಸಿ ಆಗುವ ತನಕ ನಡೆಸಿ, ಆಮೇಲೆ ಒಂದೇ ಲೋಡ್ ಹಿಡಿದು, ಪ್ಯಾನೆಲ್ಲಿನ ಎನರ್ಜಿ ಮೀಟರ್ ಓದಿ, ಅರ್ಧ ಗಂಟೆ ನಡೆಸಿ, ಕಿಲೋಗೆ ಎಷ್ಟು ಯೂನಿಟ್ ಬಂತು ಬರೆದಿಡಿ. ಅಡಿಟಿವ್ ಇಲ್ಲದೆ, ಹಾಕಿ, ಮತ್ತೆ ಇಲ್ಲದೆ, ಈ ಕ್ರಮದಲ್ಲಿ ಮಾಡಿ. ಮೂರನೇ ಸಲವೂ ಮೊದಲಿನ ಅಂಕಿಗೆ ವಾಪಸು ಬರದಿದ್ದರೆ ಬದಲಾದದ್ದು ಬೇರೆ ಏನೋ. ನಡೆಸುವ ಹುಡುಗನಿಗೆ ಯಾವ ಕ್ಯಾನಿನಲ್ಲಿ ಏನಿದೆ ಅಂತ ಹೇಳದಿದ್ದರೆ ಇನ್ನೂ ಒಳ್ಳೆಯದು. ಮಾರುವವರು ಇದಕ್ಕೆ ಒಪ್ಪಿ, ಲೋಹದ ಹೆಸರು, ಪ್ರಮಾಣ ಬರೆದು ಕೊಟ್ಟರೆ ಆಗ ಮಾತು ಮುಂದುವರಿಸಿ.

ಜನರೇಟರ್ 30 ಪರ್ಸೆಂಟಿಗಿಂತ ಕಡಿಮೆ ಲೋಡಿನಲ್ಲಿ ಬಹಳ ಹೊತ್ತು ನಡೆಸಬೇಡಿ. ಸಿಲಿಂಡರ್ ತಣ್ಣಗಿದ್ದು ಉರಿಯದ ಎಣ್ಣೆ ಸೈಲೆನ್ಸರಿನಲ್ಲಿ ಕಪ್ಪಗೆ ಜಿಡ್ಡಾಗಿ ಸೇರುತ್ತದೆ. ಅದು ಕೂಡ ಹೊಗೆಗೆ ಕಾರಣ.

ಥರ್ಮಲ್ ಬೆಂಚ್

ಹುಡುಗರ ಆರೋಗ್ಯದ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ನನಗೆ ಅದೇ ದೊಡ್ಡದು.

ಡಿಪಿಎಫ್ ಇಲ್ಲದ ಹಳೇ ಜನರೇಟರಿಗೆ ಹಾಕಿದ ಲೋಹದಲ್ಲಿ ಸ್ವಲ್ಪ ಎಂಜಿನ್ನಿನ ಒಳಗೆ, ಇಂಜಿನ್ ಆಯಿಲಿನಲ್ಲಿ ಉಳಿಯುತ್ತದೆ, ಉಳಿದದ್ದು ಹೊಗೆಯ ಜೊತೆ ಹೊರಗೆ. ಅದೂ ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣ ಕಣವಾಗಿ. ಅಮೆರಿಕದ ಹೆಲ್ತ್ ಎಫೆಕ್ಟ್ಸ್ ಇನ್‌ಸ್ಟಿಟ್ಯೂಟ್ 2001ರಲ್ಲೇ ಡೀಸೆಲ್ಲಿಗೆ ಸೇರಿಸುವ ಸೀರಿಯಂ ಬಗ್ಗೆ ಪ್ರತ್ಯೇಕ ಪರಿಶೀಲನೆ ಮಾಡಿತ್ತು, ವಿಷಕಾರಿತನದ ಮಾಹಿತಿ ಸಾಲದು ಎಂದಿತ್ತು. ಹೊಗೆ ಕಡಿಮೆ ಮಾಡಲು ಹಿಂದೆ ಬೇರಿಯಂ ಸಂಯುಕ್ತಗಳನ್ನೂ ಡೀಸೆಲ್ಲಿಗೆ ಹಾಕುತ್ತಿದ್ದರು. ಹೊಗೆ ಇಳಿದಂತೆ ಕಾಣುತ್ತಿತ್ತು, ಬೇರಿಯಂ ಗಾಳಿಗೆ ಹೋಗುತ್ತಿತ್ತು. ಪೆಟ್ರೋಲಿಗೆ ಸೀಸ ಹಾಕುವುದು 1920ರ ದಶಕದಲ್ಲಿ ಶುರುವಾಗಿ, ನಮ್ಮ ದೇಶದಲ್ಲಿ ಪೂರ್ತಿ ನಿಂತದ್ದು 2000ದಲ್ಲಿ. ಎಂಜಿನ್ನಿಗೆ ಅದು ಒಳ್ಳೆಯದನ್ನೇ ಮಾಡುತ್ತಿತ್ತು, ಮಕ್ಕಳ ಮಿದುಳಿಗೆ ಮಾಡಿದ್ದು ಬೇರೆ. ಅಷ್ಟು ವರ್ಷದ ಮೇಲೆ ಕಲಿತ ಪಾಠವನ್ನು ಮತ್ತೊಂದು ಲೋಹಕ್ಕೆ ಮರೆಯಬಾರದು.

ಪುಡಿಯನ್ನು ಕೈಯಿಂದ ಬೆರೆಸುವುದಂತೂ ಬೇಡವೇ ಬೇಡ. ನಾವು ಲ್ಯಾಬಿನಲ್ಲಿ ಮಾಸ್ಕ್, ಕೈಗವಸು ಹಾಕಿ ಫ್ಯೂಮ್ ಹುಡ್ಡಿನೊಳಗೆ ಮಾಡುತ್ತಿದ್ದೆವು. ಸೈಲೆನ್ಸರ್ ಪೈಪನ್ನು ಶೆಡ್ಡಿನ ಮಾಡಿಗಿಂತ ಮೇಲಕ್ಕೆ ಎತ್ತಿಸಿ ಸೇಠರೇ. ಲೋಹ ಹಾಕಲಿ ಬಿಡಲಿ, ಹುಡುಗರ ಮುಖದ ಎತ್ತರಕ್ಕೆ ಹೊಗೆ ಬರಬಾರದು.

ಲೋಹದ ಬದಲು ಏನು ಹಾಕಬಹುದು ಅಂತ ಕೇಳಿದರೆ, ಎಣ್ಣೆ ಕೆಡದಂತೆ ಟಿಬಿಎಚ್‌ಕ್ಯೂ ತರಹದ ಆಂಟಿಆಕ್ಸಿಡೆಂಟ್ ಇದೆ. ಅದರಲ್ಲಿ ಲೋಹ ಇಲ್ಲ, ಬೂದಿ ಇಲ್ಲ. ನಾಕ್ಸಿಗೆ ಇಂಜೆಕ್ಷನ್ ಟೈಮಿಂಗ್ ಸ್ವಲ್ಪ ಹಿಂದಕ್ಕೆ ಸರಿಸುವುದು ಹಳೇ ಎಂಜಿನ್ನಿನಲ್ಲೂ ಆಗುತ್ತದೆ, ಆದರೆ ಜಾಸ್ತಿ ಸರಿಸಿದರೆ ಹೊಗೆ ಏರುತ್ತದೆ. ಭಾಲ್ಕಿ ಅಣ್ಣನಂಥವರ ಕೈಯಲ್ಲೇ ಮಾಡಿಸಬೇಕು.

ಹುಮನಾಬಾದ್ ಲಾರಿ

ಸ್ಕ್ಯಾನರ್ ಹಚ್ಚಿಸಿದೆ ಮಾಸ್ತರ್ರ. ಪ್ರೆಶರ್ ಸೆನ್ಸರಿನ ರಬ್ಬರ್ ನಳಿಗಿ ಸೀಳಿತ್ತು. ಬದಲಿ ಮಾಡ್ಯಾರ, ಲೈಟ್ ಹೋಗ್ಯದ. ಔಷಧ ತಗೊಂಡಿಲ್ಲ.

ಶಹಾಪುರ ರೈತ

ಬೀದರ ಕಡೆ ನಮ್ಮ ಬೀಗರು ಅದಾರ್ರಿ. ಕರದ ಎಣ್ಣಿ ಬಯೋಡೀಸೆಲ್ ಚಳಿಗಾಲದಾಗ ಮುಂಜಾನೆ ಗಡ್ಡಿ ಕಟ್ಟಿ ಟ್ರ್ಯಾಕ್ಟರ್ ಚಾಲೂ ಆಗಂಗಿಲ್ಲ ಅಂತಾರ. ಅದಕ್ಕರೆ ಈ ಲೋಹ ಉಪಯೋಗ ಆಗ್ತದೇನು? ಮತ್ತ ನಮ್ಮ ಪಂಪ್‌ಸೆಟ್ಟಿನ ರಬ್ಬರ್ ಪೈಪ್ ಉಬ್ಬಿ ಮೆತ್ತಗ ಆಗ್ಯದ, ಇದೂ ಬಯೋಡೀಸೆಲ್ಲಿಂದೇ?

ಭಾಲ್ಕಿ ಪಂಪ್ ನೋಝಲ್

ಆಗಂಗಿಲ್ಲ ಕಾಕಾ. ಖಾನಾವಳಿಯವರು ಕರಿಯೂದು ಬಹುತೇಕ ಪಾಮ್ ಎಣ್ಣಿ. ಅದರ ಬಯೋಡೀಸೆಲ್ 15 ಡಿಗ್ರಿ ಆಜೂಬಾಜು ಬಂದ್ರನೇ ಮಬ್ಬಾಗ್ತದ, ಅದರ ಕೆಳಗ ಫಿಲ್ಟರಿನಾಗ ಮೇಣ ಕಟ್ಟತದ. ಬೀದರದಾಗ ಡಿಸೆಂಬರ್ ಮುಂಜಾನೆ ಅದಕ್ಕಿಂತ ಥಂಡಿ ಇರ್ತದ. ಬೀಗರಿಗೆ ಹೇಳ್ರಿ, ಚಳಿಗಾಲ ಪೂರಾ ಕರದ ಎಣ್ಣಿದು ಕಮ್ಮಿ ಮಾಡಿ ಡೀಸೆಲ್ ಜಾಸ್ತಿ ಕೂಡಸಬೇಕು.

ರಬ್ಬರ್ ಉಬ್ಬೂದು ಬಯೋಡೀಸೆಲ್ಲಿಂದೇ. ಹಳೇ ಮಾಮೂಲಿ ರಬ್ಬರ್ ತಡಿಯಂಗಿಲ್ಲ. ಅಂಗಡ್ಯಾಗ ವಿಟಾನ್ ಪೈಪ್ ಅಂತ ಕೇಳ್ರಿ, ತುಟ್ಟಿ ಅದ, ಆದ್ರ ನಿಮಗ ಬೇಕಾಗೂದು ಒಂದೂವರಿ ಫೂಟ್. ನಡುವ ತಾಮ್ರದ ತುಂಡು, ಹಿತ್ತಾಳಿ ನಳ ಏನರೆ ಇದ್ರ ಅದನ್ನೂ ಅದೇ ಹೊತ್ತಿನಾಗ ತೆಗದು ಸ್ಟೀಲಿಂದು ಹಾಕಿಸಿಬಿಡ್ರಿ. ಭಾಲ್ಕಿ ಕಡೆ ಬಂದ್ರ ಪೈಪ್ ತುಂಡು ಕೈಯಾಗ ಹಿಡ್ಕೊಂಡು ಬರ್ರಿ, ಸೈಜ್ ನೋಡಿ ಕೊಡ್ತೀನಿ.